11 ವರ್ಷದಿಂದ ಮರದ ಕೆಳಗೆ ನಿಂತಿರುವ ಲ್ಯಾಂಡ್ ರೋವರ್: ಕೊಳ್ಳಲಾ, ಬಿಡಲಾ?

ಮಣ್ಣುದಾರಿ:

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ರಾತ್ರಿ ಸರಿಯಾಗಿ ನಿದ್ದೆ ಇಲ್ಲ. ಕಾರಣ ಒಂದು ಹಳೇ ಗಾಡಿ.

ಪರಿಚಯದ ಹಿರಿಯರೊಬ್ಬರ ಹಿತ್ತಲಲ್ಲಿ ಲ್ಯಾಂಡ್ ರೋವರ್ ಒಂದು ನಿಂತಿದೆ. ಸೀರೀಸ್ 3, ಮುಂದಿನ ಹಿಂದಿನ ಚಕ್ರದ ನಡುವೆ 88 ಇಂಚು ಇರುವ ಚಿಕ್ಕದು, ಪೆಟ್ರೋಲ್ ಇಂಜಿನ್. 1978ರದ್ದು ಅಂತ ಹೇಳುತ್ತಾರೆ. ಅವರ ಅಣ್ಣನ ಗಾಡಿಯಂತೆ. ಅಣ್ಣ ಹೋದ ಮೇಲೆ ಯಾರೂ ಕೀ ಮುಟ್ಟಿಲ್ಲ, 11 ವರ್ಷದಿಂದ ಒಂದು ದೊಡ್ಡ ಮರದ ಕೆಳಗೆ ನಿಂತಲ್ಲೇ ನಿಂತಿದೆ. ನಾಲ್ಕು ಟೈರಲ್ಲೂ ಗಾಳಿ ಇಲ್ಲ, ಎಡಗಡೆ ಹಿಂದಿನ ಚಕ್ರ ರಿಮ್‌ವರೆಗೆ ಮಣ್ಣಿನಲ್ಲಿ ಹೂತಿದೆ. ಮುಂದಿನ ಜಾಲರಿಯೊಳಗಿಂದ ಬಳ್ಳಿ ಹೊರಗೆ ಬಂದಿದೆ. ಗಾಜು ಜಾರುವ ಪಟ್ಟಿಯಲ್ಲಿ ಪಾಚಿ ಬೆಳೆದಿದೆ. ಪಕ್ಕದ ಸೀಟಿನ ಸ್ಪಂಜನ್ನೆಲ್ಲ ಹರಿದು ಇಲಿ ಗೂಡು ಕಟ್ಟಿಕೊಂಡಿದೆ. ಇಷ್ಟಾದರೂ ದೂರದಿಂದ ನೋಡಿದರೆ ಬಾಡಿ ನೆಟ್ಟಗಿದೆ. ತುಕ್ಕು ಅಂತ ನನ್ನ ಕಣ್ಣಿಗೆ ಬಿದ್ದದ್ದು ಬಾಗಿಲ ಕೀಲಿನ ಹತ್ತಿರ ಸ್ವಲ್ಪ, ಹಿಂದಿನ ಬಂಪರ್‌ನಲ್ಲಿ ಸ್ವಲ್ಪ.

ಒಂದು ವಿಷಯ ಮಾತ್ರ ತಲೆ ಕೆಡಿಸಿದೆ. ಹಳೇ ಗಾಡಿ ನೋಡಲು ಹೋಗುವಾಗ ಅಯಸ್ಕಾಂತ ಇಟ್ಟುಕೊಂಡಿರಿ, ತಗಡಿನ ತೂತು ಮುಚ್ಚಲು ಪುಟ್ಟಿ ಹಚ್ಚಿದ ಕಡೆ ಅಂಟುವುದಿಲ್ಲ ಅಂತ ಎಲ್ಲೋ ಓದಿದ್ದೆ. ತಗೊಂಡು ಹೋದೆ. ಎಲ್ಲೂ ಅಂಟಲಿಲ್ಲ! ಬಾನೆಟ್ ಮೇಲೆ, ಮಡ್‌ಗಾರ್ಡ್ ಮೇಲೆ, ಬಾಗಿಲ ಮೇಲೆ, ಎಲ್ಲಿಟ್ಟರೂ ಪಟ್ ಅಂತ ಕೆಳಗೆ ಬೀಳುತ್ತದೆ. ಇಡೀ ಗಾಡಿಯೇ ಪುಟ್ಟಿನಾ?

ಇಂಜಿನ್ ಬಗ್ಗೆ ಕೇಳಿದರೆ "ನಿಲ್ಲಿಸುವಾಗ ಚೆನ್ನಾಗೇ ಓಡುತ್ತಿತ್ತು" ಅನ್ನುತ್ತಾರೆ. ಫ್ಯಾನ್ ಹಿಡಿದು ತಿರುಗಿಸಲು ನೋಡಿದೆ, ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಇನ್ನು ನನ್ನ ಯೋಗ್ಯತೆ. ಬೈಕಿನ ಕ್ಲಚ್ ಪ್ಲೇಟ್ ನಾನೇ ಹಾಕಿಕೊಂಡಿದ್ದೇನೆ, ಕಾರಿನ ಬ್ರೇಕ್ ಶೂ ಬದಲಿಸಿದ್ದೇನೆ. ವೆಲ್ಡಿಂಗ್ ಬರುವುದಿಲ್ಲ. ಒಂದು ಕಾರು ಹಿಡಿಯುವಷ್ಟು ಶೆಡ್ ಇದೆ. ಸಮಯ ಅಂದರೆ ಭಾನುವಾರ, ಅದೂ ಎಲ್ಲಾ ಭಾನುವಾರ ಅಲ್ಲ. ಶೋರೂಮಿನಿಂದ ಬಂದ ಹಾಗೆ ಹೊಳೆಯಬೇಕು ಅಂತ ನನಗೆ ಆಸೆ ಇಲ್ಲ. ಕಲ್ಲು ಮಣ್ಣಿನ ದಾರಿಯಲ್ಲಿ ನಿಧಾನವಾಗಿ ಹೋಗಿ ಬರುವ ಹಾಗಾದರೆ ಸಾಕು.

ಏನು ನೋಡಬೇಕು? ಯಾವುದು ಕಂಡರೆ ಕೈ ಮುಗಿದು ವಾಪಸ್ ಬರಬೇಕು?


ಹಳೇಪಾನಾ:

ಮೊದಲು ಆ ಅಯಸ್ಕಾಂತ ಜೇಬಿಗೆ ಹಾಕಿಕೊಳ್ಳಿ. ಅದು ಪುಟ್ಟಿ ಅಲ್ಲ, ಅಲ್ಯೂಮಿನಿಯಂ. 1948ರಲ್ಲಿ ಮೊದಲ ಲ್ಯಾಂಡ್ ರೋವರ್ ಬಂದಾಗ ಯುದ್ಧ ಮುಗಿದು ಉಕ್ಕಿಗೆ ಪರದಾಟ ಇತ್ತು, ಅದಕ್ಕೆ ಬಾಡಿಯನ್ನು ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಮಾಡಿದರು, ಆಮೇಲೆ ಅದೇ ಮುಂದುವರಿಯಿತು. ಹಾಗಾಗಿ ನಿಮಗೆ ಬಾಡಿ ನೆಟ್ಟಗೆ ಕಾಣುವುದರಲ್ಲಿ ವಿಶೇಷ ಏನೂ ಇಲ್ಲ. ಈ ಗಾಡಿಗಳಲ್ಲಿ ಬಾಡಿ ಯಾವಾಗಲೂ ಚೆನ್ನಾಗೇ ಕಾಣುತ್ತದೆ. ಹೊರಗೆ ಥಳುಕು ಒಳಗೆ ಹುಳುಕು ಅನ್ನುವ ಮಾತು ಇದಕ್ಕೇ ಹೇಳಿ ಮಾಡಿಸಿದ್ದು. ಹುಳುಕು ಇರುವುದು ಕೆಳಗೆ, ಇಡೀ ಗಾಡಿಯನ್ನು ಹೊತ್ತಿರುವ ಚೌಕಟ್ಟಿನಲ್ಲಿ, ಅಂದರೆ ಚಾಸಿಯಲ್ಲಿ. ಅದು ಉಕ್ಕು.

ನೀವು ಹಿಂದಿನ ಬಂಪರ್ ಅಂದಿರಲ್ಲ, ಅದು ಬಂಪರ್ ಅಲ್ಲ. ಅದು ಚಾಸಿಯದೇ ಕೊನೆಯ ಅಡ್ಡತೊಲೆ. ಅಲ್ಲಿ ಹೊರಗೇ ತುಕ್ಕು ಕಾಣಿಸುತ್ತಿದೆ ಅಂದರೆ ಒಳಗೆ ಏನಾಗಿದೆಯೋ ನೋಡಲೇಬೇಕು. ಈ ಚಾಸಿ ಡಬ್ಬದ ಹಾಗೆ, ನಾಲ್ಕು ಕಡೆ ತಗಡು ಸೇರಿಸಿ ವೆಲ್ಡ್ ಮಾಡಿದ್ದು. ಒಳಗೆ ಮಣ್ಣು, ನೀರು ಸೇರಿದರೆ ಬೇಗ ಒಣಗುವುದಿಲ್ಲ. ತುಕ್ಕು ಒಳಗಿಂದ ಹೊರಗೆ ಬರುತ್ತದೆ. ಹೊರಗೆ ಒಂದು ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಕಾಗದದಷ್ಟು ದಪ್ಪ ಉಳಿದಿರುತ್ತದೆ.

ಹೋಗುವಾಗ ಒಂದು ಸಣ್ಣ ಸುತ್ತಿಗೆ, ಒಂದು ಗಟ್ಟಿ ಸ್ಕ್ರೂಡ್ರೈವರ್, ತಂತಿ ಬ್ರಷ್, ಟಾರ್ಚ್, ಮಲಗಲು ಒಂದು ಚೀಲ, ಇಷ್ಟು ಸಾಕು. ಚಾಸಿ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ಹಾಳಾದದ್ದು ದಬ್ ಅನ್ನುತ್ತದೆ, ಒಳಗೆ ಪುಡಿ ಉದುರುವ ಸದ್ದೂ ಕೇಳಬಹುದು. ದಬ್ ಅಂದ ಕಡೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಯಜಮಾನರ ಒಪ್ಪಿಗೆ ಮೊದಲೇ ತಗೊಳ್ಳಿ, ಇಲ್ಲಾಂದರೆ ತೂತು ನೀವೇ ಮಾಡಿದ್ದು ಅಂತಾರೆ. ಮುಖ್ಯವಾಗಿ ಹಿಂದಿನ ಅಡ್ಡತೊಲೆ, ಕಮಾನ್ ಪಟ್ಟಿ ಚಾಸಿಗೆ ಕೂರುವ ಕೊಂಡಿಗಳು, ಚಾಸಿಯಿಂದ ಪಕ್ಕಕ್ಕೆ ಚಾಚಿಕೊಂಡು ಬಾಡಿಯನ್ನು ಹೊರುವ ತೋಳುಗಳು. ಹೊಸದಾಗಿ ದಪ್ಪ ಕಪ್ಪು ಬಣ್ಣ ಬಳಿದಿದ್ದರೆ ಅಲ್ಲೇ ಜಾಸ್ತಿ ಹೊತ್ತು ಕೂತು ಕೆರೆಯಿರಿ. ತುಕ್ಕಿನ ಮೇಲೆ ತಗಡು ಹೊದಿಸಿ ವೆಲ್ಡ್ ಮಾಡಿ ಬಣ್ಣ ಬಳಿಯುವ ಕೆಲಸ ನಾನು ಎಷ್ಟು ನೋಡಿದ್ದೇನೋ ಲೆಕ್ಕ ಇಲ್ಲ.

ಎರಡನೇದು ಬಲ್ಕ್‌ಹೆಡ್. ಇಂಜಿನ್‌ಗೂ ನಿಮ್ಮ ಕಾಲಿಗೂ ನಡುವೆ ಇರುವ ಗೋಡೆ. ಅದೂ ಉಕ್ಕು. ಬಾಗಿಲು, ಮುಂದಿನ ಗಾಜು, ಸ್ಟೀರಿಂಗ್, ಪೆಡಲ್, ಎಲ್ಲ ಜೋತುಬಿದ್ದಿರುವುದು ಅದಕ್ಕೇ. ಕಾಲಿಡುವ ತಗ್ಗಿನಲ್ಲಿ ರಬ್ಬರ್ ಮ್ಯಾಟ್ ಎತ್ತಿ ನೋಡಿ. ಬಾಗಿಲು ಕೀಲಿನ ಕಂಬಗಳನ್ನು ನೋಡಿ. ಬಾಗಿಲನ್ನು ಅರ್ಧ ತೆರೆದು ಮೇಲೆ ಕೆಳಗೆ ಎತ್ತಿ, ಕೀಲು ಮಾತ್ರ ಅಲ್ಲಾಡುತ್ತದೋ ಕಂಬವೇ ಅಲ್ಲಾಡುತ್ತದೋ ಗಮನಿಸಿ. ನಿಮ್ಮ ಪಟ್ಟಿಯಲ್ಲಿ ಬಾಗಿಲ ಕೀಲಿನ ಹತ್ತಿರ ತುಕ್ಕು ಇದೆ ಅಂತ ಓದಿದಾಗಲೇ ನನಗೆ ಅನುಮಾನ ಬಂದದ್ದು.

ಉಕ್ಕಿಗೆ ಅಲ್ಯೂಮಿನಿಯಂ ತಾಗಿರುವ ಕಡೆಯೆಲ್ಲ ಬಿಳಿ ಪುಡಿ ಕಾಣುತ್ತದೆ, ಎರಡು ಲೋಹ ನೀರಿನ ಜೊತೆ ಸೇರಿದರೆ ಅಲ್ಯೂಮಿನಿಯಂ ಕರಗುತ್ತದೆ. ಅದು ನೋಡಲು ಅಸಹ್ಯ, ಅಷ್ಟೇ. ಅದಕ್ಕೆ ಹೆದರಿ ಗಾಡಿ ಬಿಡಬೇಡಿ.

ಇಂಜಿನ್ ಬಗ್ಗೆ ನನ್ನನ್ನು ಕೇಳಿದರೆ, ಅದು ಕೊನೆಯ ಪ್ರಶ್ನೆ. ಇಂಜಿನ್ ಬಿಚ್ಚಿ ಬೆಂಚ್ ಮೇಲಿಟ್ಟು ಕೆಲಸ ಮಾಡಬಹುದು. ಚಾಸಿ ಬದಲಿಸಬೇಕಾದರೆ ಇಡೀ ಗಾಡಿಯನ್ನೇ ಅದರ ಮೇಲಿಂದ ಇಳಿಸಬೇಕು.


ಅರ್ಧಗಾಡಿ:

ನನ್ನ ಹೆಸರು ನೋಡಿದರೇ ಗೊತ್ತಾಗುತ್ತೆ ಅಲ್ವಾ ನಾನು ಏನು ಹೇಳುತ್ತೇನೆ ಅಂತ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಹಳೇ ಗಾಡಿ ಬಿಚ್ಚಿ ನೋಡು ಅನ್ನುವುದನ್ನು ಸೇರಿಸಲು ಯಾಕೆ ಮರೆತರೋ ಗೊತ್ತಿಲ್ಲ. ನಾನು 6 ವರ್ಷದ ಹಿಂದೆ ಇಂಥದ್ದೇ ಒಂದನ್ನು ತಂದೆ. ಮೊದಲ ತಿಂಗಳು ಹಬ್ಬ. ಪ್ರತಿ ಸಂಜೆ ಏನಾದರೂ ಒಂದು ಬಿಚ್ಚುವುದು, ಮರುದಿನ ಎಲ್ಲರಿಗೂ ಹೇಳುವುದು. ಬಿಚ್ಚುವುದು ಎಷ್ಟು ಸುಲಭ ಅಂದರೆ, ಎರಡೇ ತಿಂಗಳಲ್ಲಿ ಚಾಸಿ ಬಿಟ್ಟು ಎಲ್ಲವೂ ಗೋಡೆಗೆ ಒರಗಿತ್ತು. ಬೋಲ್ಟುಗಳನ್ನೆಲ್ಲ ಒಂದು ದೊಡ್ಡ ಬಣ್ಣದ ಡಬ್ಬಕ್ಕೆ ಹಾಕಿದೆ. ಒಂದೇ ಡಬ್ಬ. ಹೆಸರು ಇಲ್ಲ, ಫೋಟೋ ಇಲ್ಲ, ಎಲ್ಲಾ ನೆನಪಿರುತ್ತೆ ಅನ್ನುವ ಧೈರ್ಯ. ಈಗ ಆ ಡಬ್ಬ ತೆರೆದರೆ ಬೇರೆ ಯಾರದೋ ಗಾಡಿಯ ಬೋಲ್ಟುಗಳ ಹಾಗೆ ಕಾಣುತ್ತವೆ. ಕಳೆದ ಸಲ ವೈಪರ್ ಮೋಟರಿನ ಮೂರು ಸ್ಕ್ರೂ ಹುಡುಕಲು ಒಂದು ಮಧ್ಯಾಹ್ನ ಹೋಯಿತು. ಎರಡು ಸಿಕ್ಕವು.

ಜಾಗದ ಬಗ್ಗೆ ಒಂದು ಮಾತು. ಒಂದು ಕಾರು ಹಿಡಿಯುವ ಶೆಡ್ ಅಂದರೆ ಬಿಚ್ಚದ ಕಾರು ಹಿಡಿಯುವ ಶೆಡ್. ಬಿಚ್ಚಿದ ಮೇಲೆ ಅದೇ ಗಾಡಿ ಮೂರು ಗಾಡಿಯಷ್ಟು ಜಾಗ ತಿನ್ನುತ್ತದೆ. ನನ್ನ ಒಂದು ಬಾಗಿಲು ಈಗಲೂ ಮಂಚದ ಕೆಳಗಿದೆ.

ದುಡ್ಡಿನದ್ದೂ ಹೇಳಿಬಿಡುತ್ತೇನೆ. ಬೇಕಾದ ಸಾಮಾನೆಲ್ಲ ಬರೆದು ಪಕ್ಕದಲ್ಲಿ ಬೆಲೆ ಹಾಕಿ ಕೂಡಿಸಿದ್ದೆ. ಗಾಡಿ ಕೊಂಡದ್ದಕ್ಕಿಂತ ಸ್ವಲ್ಪ ಜಾಸ್ತಿ ಬಂತು, ಪರವಾಗಿಲ್ಲ ಅಂದುಕೊಂಡೆ. ಆ ಪಟ್ಟಿಯಲ್ಲಿ ನಾನು ಬರೆಯದೆ ಬಿಟ್ಟದ್ದು: ಮುರಿದ ಬೋಲ್ಟ್ ತೆಗೆಸಿದ ಕೂಲಿ, ಎರಡು ಸಲ ತಪ್ಪಾಗಿ ತರಿಸಿದ ಸಾಮಾನು, ಗಾಡಿ ಸಾಗಿಸಿದ ಬಾಡಿಗೆ, ಜಾಕ್, ಸ್ಟ್ಯಾಂಡ್, ಗ್ರೈಂಡರ್, ಗ್ರೈಂಡರಿನ ಡಿಸ್ಕು, ಮತ್ತೆ ಡಿಸ್ಕು. ಅರ್ಧ ದಾರಿಯಲ್ಲೇ ಪಟ್ಟಿಯ ದುಡ್ಡು ಮುಗಿಯಿತು.

ಅದಕ್ಕೆ ಕೇಳುತ್ತಿದ್ದೇನೆ, ನಿಮಗೆ ಗಾಡಿ ಬೇಕಾ, ಕೆಲಸ ಬೇಕಾ? ಮಣ್ಣಿನ ದಾರಿಯಲ್ಲಿ ಹೋಗಿಬರುವುದು ಮುಖ್ಯ ಅಂದರೆ ಓಡುತ್ತಿರುವ ಒಂದನ್ನು ಹುಡುಕಿ. ಬೆಲೆ ಕೇಳಿ ಎದೆ ಧಸಕ್ ಅನ್ನಬಹುದು, ಆದರೂ ಕೊನೆಗೆ ಅದೇ ಅಗ್ಗ. ಬೇರೆ ಯಾರೋ ಕಳಕೊಂಡ ದುಡ್ಡು ಅದರಲ್ಲಿ ಸೇರಿರುತ್ತದೆ, ಅದನ್ನು ನೀವು ಪುಕ್ಕಟೆ ಪಡೆಯುತ್ತೀರಿ.


ಗ್ರೀಸ್‌ಕೈ:

ಅರ್ಧಗಾಡಿ ಅವರು ಹೇಳಿದ್ದು ನಿಜ, ಆದರೆ ಅವರ ತಪ್ಪು ಗಾಡಿ ಕೊಂಡದ್ದಲ್ಲ, ಎಲ್ಲಾ ಒಟ್ಟಿಗೆ ಬಿಚ್ಚಿದ್ದು. ಒಂದು ಚಕ್ರದ ಬ್ರೇಕ್ ಬಿಚ್ಚಿ, ಮುಗಿಸಿ, ಮುಚ್ಚಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಿ. ಗಾಡಿ ತನ್ನ ಚಕ್ರದ ಮೇಲೆ ನಿಂತಿರುವವರೆಗೆ ಆಸೆ ಉಳಿದಿರುತ್ತದೆ. ಬೇಕಾದರೆ ದೂಡಿಕೊಂಡು ಹೊರಗೆ ತಂದು ತೊಳೆದು ನೋಡಿ ಖುಷಿಪಡಬಹುದು.

ಇಂಜಿನ್ ಜಾಮ್ ಆಗಿದೆ ಅಂತ ಹೆದರಬೇಡಿ, ಖುಷಿಯನ್ನೂ ಪಡಬೇಡಿ. ನಿಂತ ಇಂಜಿನ್‌ನಲ್ಲಿ ಯಾವುದಾದರೂ ಒಂದು ಸಿಲಿಂಡರಿನ ವಾಲ್ವ್ ತೆರೆದೇ ಇರುತ್ತದೆ. ಅದರ ಮೂಲಕ ತೇವದ ಗಾಳಿ ಒಳಗೆ ಹೋಗಿ ಪಿಸ್ಟನ್ನಿನ ರಿಂಗು, ಸಿಲಿಂಡರಿನ ಗೋಡೆ ಎರಡೂ ತುಕ್ಕಿನಿಂದ ಅಂಟಿಕೊಳ್ಳುತ್ತವೆ. ಓಡಿ ಓಡಿ ಬಿಸಿಯಾಗಿ ಜಾಮ್ ಆದದ್ದು ಬೇರೆ ಕಥೆ. ನಿಲ್ಲಿಸುವಾಗ ಓಡುತ್ತಿತ್ತು ಅನ್ನುವುದು ನಿಜವೇ ಆಗಿದ್ದರೆ ಬಿಡಿಸುವ ಸಾಧ್ಯತೆ ಇದೆ.

ಬ್ಯಾಟರಿ ಹಾಕಿ ಸ್ಟಾರ್ಟರ್ ಹೊಡೆಯಲು ಹೋಗಲೇಬೇಡಿ. ಪಕ್ಕದಲ್ಲಿ ನಿಂತು "ಒಂದ್ಸಲ ಸೆಲ್ಫ್ ಹೊಡಿ ನೋಡೋಣ" ಅನ್ನುವವರು ಒಬ್ಬರಾದರೂ ಇರುತ್ತಾರೆ, ಅವರನ್ನು ದೂರ ಇಡಿ. ನಾಲ್ಕು ಪ್ಲಗ್ ಬಿಚ್ಚಿ. ಯಾವ ಪ್ಲಗ್ ಯಾವ ಸಿಲಿಂಡರಿನದು ಅಂತ ಸಾಲಾಗಿ ಇಡಿ, ತುಕ್ಕು ಹಿಡಿದ ಪ್ಲಗ್ ಇರುವ ಕಡೆಯೇ ರೋಗ. ಪ್ಲಗ್ ತೂತಿನಲ್ಲಿ ತುಕ್ಕು ಬಿಡಿಸುವ ಎಣ್ಣೆ ಸ್ವಲ್ಪ ಸ್ವಲ್ಪ ಹಾಕಿ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್‌ಗೆ ಅಷ್ಟೇ ಅಸಿಟೋನ್ ಬೆರೆಸಿದರೂ ಚೆನ್ನಾಗಿ ಇಳಿಯುತ್ತದೆ, ಹತ್ತಿರ ಬೆಂಕಿ ಇಟ್ಟುಕೊಳ್ಳಬೇಡಿ ಅಷ್ಟೇ. ಒಂದು ವಾರ ಬಿಡಿ. ಈ ಗಾಡಿಗೆ ಮುಂದಿನಿಂದ ಹ್ಯಾಂಡಲ್ ಹೊಡೆಯುವ ಅನುಕೂಲ ಇದೆ, ಅದು ದೊಡ್ಡ ಪುಣ್ಯ. ಹ್ಯಾಂಡಲ್ ಹಾಕಿ ಮೈಭಾರ ಬಿಡದೆ ಮೆಲ್ಲಗೆ ಒತ್ತಿ, ಬಿಟ್ಟು, ಮತ್ತೆ ಒತ್ತಿ ನೋಡಿ. ಒಂದು ಬೆರಳಿನಷ್ಟು ಅಲ್ಲಾಡಿದರೂ ಗೆದ್ದಿರಿ, ಮತ್ತೆ ಎಣ್ಣೆ ಹಾಕಿ ಇನ್ನೊಂದು ವಾರ ಬಿಡಿ. ಗೇರ್ ನ್ಯೂಟ್ರಲ್‌ನಲ್ಲಿ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ನಗಬೇಡಿ, ನಾನು ಅರ್ಧ ದಿನ ಫಸ್ಟ್ ಗೇರಿನಲ್ಲಿದ್ದ ಗಾಡಿಯನ್ನು ಬೈದಿದ್ದೇನೆ.

ಇಂಜಿನ್ ಆಯಿಲ್ ಇಳಿಸಲು ಅವರು ಒಪ್ಪಿದರೆ ಕೆಳಗಿನ ಬೋಲ್ಟನ್ನು ತುಂಬಾ ನಿಧಾನವಾಗಿ ಸಡಿಲಿಸಿ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ನೀರು ಆಯಿಲ್‌ಗಿಂತ ಭಾರ ಅಂತ ತಳಕ್ಕೆ ಇಳಿದಿರುತ್ತದೆ, ಮೊದಲು ಅದೇ ಬರುತ್ತದೆ. ಸ್ವಲ್ಪ ನೀರು ಬಂದು ಹಿಂದೆ ಕಪ್ಪು ಆಯಿಲ್ ಬಂದರೆ ತೇವದ ನೀರು ಇರಬಹುದು. ತುಂಬಾ ನೀರು ಬಂದರೆ, ಅಥವಾ ಆಯಿಲೇ ಬೆಳ್ಳಗೆ ನೊರೆಯ ಹಾಗಿದ್ದರೆ, ರೇಡಿಯೇಟರ್ ನೀರು ಒಳಗೆ ಬಂದಿದೆ. ಇಂಜಿನ್ನಿನ ತಲೆಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಪರವಾಗಿಲ್ಲ, ಬ್ಲಾಕ್ ಬಿರುಕು ಬಿಟ್ಟಿದ್ದರೆ ಬೇರೆ ಇಂಜಿನ್ ಹುಡುಕಬೇಕು.

ಇಂಜಿನ್ 2286 ಸಿಸಿ, ನಾಲ್ಕು ಸಿಲಿಂಡರ್, ಸರಳವಾದದ್ದು. 1980ರಲ್ಲಿ ಕ್ರ್ಯಾಂಕಿಗೆ, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡಕ್ಕೆ, ಐದು ಬೇರಿಂಗ್ ಬಂತು. ನಿಮ್ಮದು 1978 ಅಂದರೆ ಮೂರು ಬೇರಿಂಗಿನದು. ನಿಧಾನವಾಗಿ ಹೋಗುವವರಿಗೆ ಅದೇ ಸಾಕು. ಬೇರೆ ಇಂಜಿನ್ ಹಾಕಿರದಿದ್ದರೆ ಅನ್ನಿ, ಇಷ್ಟು ವರ್ಷದಲ್ಲಿ ಏನೇನು ಆಗಿದೆಯೋ. ಮುಂದೆ ಇಂಜಿನ್ ಬಿಡಿಸಿಕೊಂಡ ಮೇಲೆ ಕಂಪ್ರೆಶನ್, ಅಂದರೆ ಒಂದೊಂದು ಸಿಲಿಂಡರಿನ ಒತ್ತಡ ನೋಡಿ. ನಾಲ್ಕೂ ಹೆಚ್ಚು ಕಡಿಮೆ ಒಂದೇ ಸಮ ಇರಬೇಕು, ಅದು ಮುಖ್ಯ. ಒಂದು ಕಡಿಮೆ ಬಂದರೆ ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್.

ಬ್ರೇಕ್ ವಿಷಯದಲ್ಲಿ ಜಿಪುಣತನ ಬೇಡ. ನಾಲ್ಕೂ ಚಕ್ರಕ್ಕೆ ಡ್ರಮ್ಮು. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ, 11 ವರ್ಷದಲ್ಲಿ ವೀಲ್ ಸಿಲಿಂಡರ್ ಒಳಗೆಲ್ಲ ಗುಳಿ ಬಿದ್ದಿರುತ್ತದೆ. ಸಿಲಿಂಡರ್, ಹೋಸ್, ಪೈಪ್ ಎಲ್ಲ ಹೊಸದು ಅಂತಲೇ ಲೆಕ್ಕ ಹಾಕಿ. ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಗಾಳಿ ಹಾಕಿ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಕಾಲದ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಟೈರ್ ನೋಡುವುದೇ ಬೇಡ. ಕಚ್ಚು ಎಷ್ಟೇ ಇರಲಿ, ಪಕ್ಕದ ಮೇಲಿನ ನಾಲ್ಕು ಅಂಕಿ ಓದಿ: 2309 ಅಂದರೆ 2009ರ 23ನೇ ವಾರ.

ಮುಂದಿನ ಚಕ್ರದ ಹಿಂದೆ ಹೊಳೆಯುವ ದೊಡ್ಡ ಗುಂಡು ಇರುತ್ತದೆ, ಸ್ಟೀರಿಂಗ್ ತಿರುಗಿಸಿದಾಗ ಅದರ ಮೇಲೆ ಸೀಲ್ ಜಾರುತ್ತದೆ. ಅದರ ಕ್ರೋಮ್ ಕಿತ್ತು ಗುಳಿ ಬಿದ್ದಿದ್ದರೆ ಹೊಸ ಸೀಲ್ ಹಾಕಿದರೂ ಹರಿದುಹೋಗುತ್ತದೆ. ಅದನ್ನೂ ಬೆಲೆಯಲ್ಲಿ ಇಳಿಸಿ.


ಮಣ್ಣುದಾರಿ:

ಅಯಸ್ಕಾಂತದ ಮಾತು ಓದಿ ಮನೆಯಲ್ಲಿ ಎಲ್ಲರೂ ನಕ್ಕರು. ಸರಿ, ಮುಂದಿನ ಭಾನುವಾರ ಸುತ್ತಿಗೆ ಹಿಡಿದು ಹೋಗುತ್ತೇನೆ. ಗಾಡಿ ಕೆಳಗೆ ನುಗ್ಗಲು ಜಾಗ ಕಡಿಮೆ ಇದೆ, ಜಾಕ್ ಕೊಟ್ಟು ಎತ್ತಬಹುದಾ?


ಹಳೇಪಾನಾ:

ಚಾಸಿಗೆ ಜಾಕ್ ಕೊಡಬೇಡಿ ಮಾರಾಯ್ರೇ! ಹಾಳಾಗಿದೆಯಾ ಇಲ್ಲವಾ ಅಂತ ನೋಡಲು ಹೋಗುತ್ತಿರುವುದೇ ಅದನ್ನು. ಒಮ್ಮೆ ನನ್ನ ಕಣ್ಣೆದುರೇ ಜಾಕಿನ ತಲೆ ಚಾಸಿಯೊಳಗೆ ಹೋಯಿತು, ಗಾಡಿ ಒಂದಿಂಚೂ ಮೇಲೆ ಏಳಲಿಲ್ಲ. ಎತ್ತಲೇಬೇಕಾದರೆ ಆಕ್ಸಲ್ ಕೆಳಗೆ ಕೊಡಿ, ಜಾಕ್ ಕೆಳಗೆ ದಪ್ಪ ಹಲಗೆ ಇಡಿ, ಆಕ್ಸಲ್‌ಗೆ ಸ್ಟ್ಯಾಂಡ್ ಕೊಟ್ಟ ಮೇಲೇ ಕೆಳಗೆ ಹೋಗಿ. ಒಂದು ಟನ್ನಿಗೂ ಜಾಸ್ತಿ ತೂಕ ಅದು, ನೆಲ ಬೇರೆ ಮೆತ್ತಗೆ. ನಾನಾಗಿದ್ದರೆ ಎತ್ತದೆ, ಪಕ್ಕದಿಂದ ಕೈ ಹೋಗುವಷ್ಟು ಮಾತ್ರ ನೋಡುತ್ತಿದ್ದೆ. ಅಷ್ಟರಲ್ಲೇ ಅರ್ಧ ಕಥೆ ಗೊತ್ತಾಗುತ್ತದೆ.


ಎರಡನೇಮಾಲೀಕ:

ನಾಲ್ಕು ಜನ ಇಂಜಿನ್, ಚಾಸಿ ಅಂತ ಇಷ್ಟು ಬರೆದಿರಿ. ಕಾಗದ ಪತ್ರ ಇದೆಯಾ ಅಂತ ಒಬ್ಬರೂ ಕೇಳಲಿಲ್ಲವಲ್ಲ.

ಗಾಡಿ ಯಾರ ಹೆಸರಿನಲ್ಲಿದೆ? ತೀರಿಕೊಂಡ ಅಣ್ಣನ ಹೆಸರಿನಲ್ಲೇ ಇದ್ದರೆ, ತಮ್ಮ ಮಾರಲು ಬರುತ್ತದಾ ಅನ್ನುವುದು ಮೊದಲ ಪ್ರಶ್ನೆ. ಅಣ್ಣನಿಗೆ ಹೆಂಡತಿ ಮಕ್ಕಳು ಇದ್ದಾರಾ? ನೀವು ಮೂರು ವರ್ಷ ಬೆವರು ಸುರಿಸಿ ಗಾಡಿ ಹೊಳೆಯಿಸಿದ ಮೇಲೆ "ಅಪ್ಪನ ಗಾಡಿ" ಅಂತ ಯಾರಾದರೂ ಬಂದರೆ ಏನು ಮಾಡುತ್ತೀರಿ?

ಇನ್ನು ನಂಬರು. ಮುಂದಿನ ಬಲಗಡೆ, ಕಮಾನ್ ಪಟ್ಟಿ ಕೂರುವ ಚಾಸಿ ತುದಿಯಲ್ಲಿ ಚಾಸಿ ನಂಬರ್ ಹೊಡೆದಿರುತ್ತಾರೆ. ಬ್ರಷ್ ಹಾಕಿ ಉಜ್ಜಿ, ಬಿಳಿ ಸೀಮೆಸುಣ್ಣ ಸವರಿದರೆ ಅಂಕಿ ಎದ್ದು ಕಾಣುತ್ತದೆ. ಕಾಗದದ ಜೊತೆ ಒಂದೊಂದೇ ಅಂಕಿ ಹೋಲಿಸಿ. ಚಾಸಿ ಬದಲಿಸುವ ಯೋಚನೆ ಇದ್ದರೆ, ನಿಮ್ಮ ಕಡೆಯ ನೋಂದಣಿ ಕಚೇರಿಯಲ್ಲಿ ಅದಕ್ಕೆ ಏನು ನಿಯಮ ಅಂತ ಕೊಳ್ಳುವ ಮೊದಲೇ ಕೇಳಿ. ಕೆಲಸ ಮುಗಿದ ಮೇಲೆ ಅಲ್ಲ.

ನಾನು ಒಂದು ಗಾಡಿ ಹೀಗೆ ಕೊಂಡು ಬಿಡಿಭಾಗಕ್ಕೆ ಮಾರಿದೆ. ಇಂಜಿನ್ ಗಡಿಯಾರದ ಹಾಗೆ ಓಡುತ್ತಿತ್ತು. ರಸ್ತೆಗೆ ತರಲು ಆಗಲೇ ಇಲ್ಲ.


ಮಣ್ಣುದಾರಿ:

ಹೋಗಿ ಬಂದೆ. ಉದ್ದ ಆಗುತ್ತದೆ, ಕ್ಷಮಿಸಿ.

ಬೆಳಿಗ್ಗೆ 7ಕ್ಕೆ ಗೆಳೆಯನನ್ನು ಕರಕೊಂಡು ಹೋದೆ. ಮೀಟರುಗಳು ಸ್ಟೀರಿಂಗ್ ಮುಂದೆಯೇ ಇವೆ, ಜಾಲರಿ ಪ್ಲಾಸ್ಟಿಕ್ಕಿನದು, ಹಾಗಾಗಿ ಸೀರೀಸ್ 3 ಅನ್ನುವುದು ನಿಜ. ಬಲಗಡೆಯಿಂದ ಶುರು ಮಾಡಿದೆ. ಟಣ್, ಟಣ್, ಟಣ್. ಮುಂದಿನಿಂದ ಹಿಂದಿನವರೆಗೆ ಒಂದೇ ಸದ್ದು. ನನಗೆ ಎಷ್ಟು ಖುಷಿ ಆಯಿತು ಅಂದರೆ ಎಡಗಡೆ ನೋಡುವುದೇ ಬೇಡ ಅನ್ನಿಸಿತು.

ಎಡಗಡೆ ಮರದ ಬುಡದ ಕಡೆ. ಚಾಸಿ ಮೇಲೆ, ಬಾಡಿಯ ಕೆಳಗಿನ ಸಂದಿಯಲ್ಲಿ, 11 ವರ್ಷದ ಎಲೆ ಬಿದ್ದು ಕೊಳೆತು ಗೊಬ್ಬರ ಆಗಿದೆ. ಕೈ ಹಾಕಿ ಎಳೆದೆ, ಎರಡು ಬಕೆಟ್ ಕಪ್ಪು ಮಣ್ಣು ಬಂತು, ಜೊತೆಗೆ ಎರೆಹುಳು. ಜೀವಂತ. ಅದರ ಕೆಳಗೆ ಸುತ್ತಿಗೆ ಇಟ್ಟರೆ ದಬ್ ಅನ್ನುವುದೂ ಇಲ್ಲ, ಒದ್ದೆ ರಟ್ಟಿಗೆ ಬಡಿದ ಹಾಗೆ. ಸ್ಕ್ರೂಡ್ರೈವರ್ ಹಿಡಿಯವರೆಗೆ ಒಳಗೆ ಹೋಯಿತು, ನಾನು ಒತ್ತಲೂ ಇಲ್ಲ. ಬಾಡಿ ಹೊರುವ ತೋಳು ಅಂದರಲ್ಲ, ಎಡಗಡೆ ಮಧ್ಯದ್ದು ನನ್ನ ಕೈಯಲ್ಲೇ ಬಂತು. ಹಿಂದಿನ ಅಡ್ಡತೊಲೆ ಹಳೇ ಪುಸ್ತಕದ ಹಾಳೆಗಳ ಹಾಗೆ ಪದರ ಪದರ. ಡ್ರೈವರ್ ಕಾಲಿಡುವ ತಗ್ಗು ಗಟ್ಟಿ ಇದೆ. ಇನ್ನೊಂದು ಕಡೆ ಮ್ಯಾಟ್ ಎತ್ತಿದರೆ ಕೆಳಗಿನ ಹುಲ್ಲು ಕಾಣಿಸಿತು.

ಹಿರಿಯರು ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದರು. ಕೈಯಲ್ಲಿ ಬಂದ ಆ ತುಂಡನ್ನು ಏನು ಮಾಡುವುದು ಅಂತ ಗೊತ್ತಾಗದೆ ಅವರಿಗೇ ಕೊಟ್ಟೆ. ಅವರು ತಿರುಗಿಸಿ ನೋಡಿ, ಕೈಗೆ ಹತ್ತಿದ ತುಕ್ಕನ್ನು ಪಂಚೆಗೆ ಒರೆಸಿಕೊಂಡು, "ನಾನು ಆ ಕಡೆ ನಿಲ್ಲಿಸಬಾರದಿತ್ತು" ಅಂದರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಹಳದಿ ಗುಂಡಿಯ ಲಿವರ್ ಅಲ್ಲಾಡುತ್ತದೆ, ಗೇರನ್ನು ಇನ್ನೂ ನಿಧಾನಕ್ಕೆ ಇಳಿಸುವ ಕೆಂಪು ಗುಂಡಿಯದು ಜಾಮ್. ಮೂರನೇ ಪ್ಲಗ್ ತುಕ್ಕು, ಉಳಿದ ಮೂರು ಕಪ್ಪು, ಒಣ. ಆಯಿಲ್ ಬೋಲ್ಟ್ ಸಡಿಲಿಸಿದಾಗ ಅರ್ಧ ಲೋಟ ನೀರು ಬಂತು, ಆಮೇಲೆ ಕಪ್ಪು ಆಯಿಲ್, ಬಿಳಿ ಇಲ್ಲ. ಟೈರಿನ ಅಂಕಿ ಹೇಳಲು ನಾಚಿಕೆ ಆಗುತ್ತದೆ.

ಮತ್ತೆ ಕಾಗದ. ಗಾಡಿ ಹಿರಿಯರ ಹೆಸರಿಗೇ ಆಗಿದೆ, ಅಣ್ಣನಿಗೆ ಮಕ್ಕಳಿಲ್ಲ. ಆದರೆ ಸೀಮೆಸುಣ್ಣ ಸವರಿ ನೋಡಿದರೆ ಲೋಹದ ಮೇಲೆ 3 ಇರುವ ಕಡೆ ಕಾಗದದಲ್ಲಿ 8 ಇದೆ. ಒಂದೇ ಅಂಕಿ. ಉಳಿದದ್ದೆಲ್ಲ ಸರಿ.


ಹಳೇಪಾನಾ:

ಇಷ್ಟು ನೋಡಿದ್ದಕ್ಕೆ ಶಹಬ್ಬಾಸ್. ಈಗ ನೇರವಾಗಿ ಹೇಳುತ್ತೇನೆ.

ಎಡಗಡೆ ಮಾತ್ರ ಹೋಗಿದೆ, ತುಂಡು ಹಾಕಿ ವೆಲ್ಡ್ ಮಾಡಿಸೋಣ ಅಂತ ನಿಮಗೆ ಆಸೆ ಆಗುತ್ತದೆ. ಬಲಗಡೆ ಟಣ್ ಅಂದರೂ ಒಳಗೆ ನೋಡಿಲ್ಲ. ನೀರು ಇಳಿಯುವ ತೂತಿನಿಂದ ಟಾರ್ಚ್ ಬಿಟ್ಟು ನೋಡಬೇಕು. ಹಿಂದಿನ ಅಡ್ಡತೊಲೆ, ತೋಳು, ಎಡ ಉದ್ದತೊಲೆ ಇಷ್ಟಕ್ಕೂ ವೆಲ್ಡಿಂಗ್ ಕೂಲಿ ಕೊಟ್ಟು, ಚಾಸಿ ಸೊಟ್ಟ ಆಗದ ಹಾಗೆ ಹಿಡಿದು ಕೂರಿಸುವ ಹೊತ್ತಿಗೆ ಹೊಸ ಚಾಸಿಯ ಹತ್ತಿರ ಹತ್ತಿರ ಆಗುತ್ತದೆ. ಈ ಗಾಡಿಗೆ ಸತು ಲೇಪಿಸಿದ ಹೊಸ ಚಾಸಿ ಈಗಲೂ ಮಾಡಿ ಮಾರುವವರಿದ್ದಾರೆ. ಬೇರೆ ಎಷ್ಟೋ ಹಳೇ ಗಾಡಿಗಳಿಗೆ ಆ ಭಾಗ್ಯ ಇಲ್ಲ. ಹಾಗಾಗಿ ಲೆಕ್ಕ ಹಾಕುವಾಗ ಪೂರ್ತಿ ಹೊಸ ಚಾಸಿ, ಅರ್ಧ ಬಲ್ಕ್‌ಹೆಡ್, ಪೂರ್ತಿ ಬ್ರೇಕ್, ಐದು ಟೈರ್, ವೈರಿಂಗ್ ಅಂತಲೇ ಬರೆಯಿರಿ. ಇಲಿ ಸೀಟು ತಿಂದಿದೆ ಅಂದರೆ ವೈರ್ ಬಿಟ್ಟಿರುವುದಿಲ್ಲ. ಇಂಜಿನ್ ತಿರುಗಿದರೆ ಲಾಭ ಅಂದುಕೊಳ್ಳಿ, ತಿರುಗುತ್ತದೆ ಅಂತ ನಂಬಿ ದುಡ್ಡು ಕೊಡಬೇಡಿ.

ಆ ಮೊತ್ತ ನೋಡಿದ ಮೇಲೂ ಬೇಕು ಅನ್ನಿಸಿದರೆ ಬಿಡಿಭಾಗದ ಬೆಲೆ ಕೊಟ್ಟು ತಗೊಳ್ಳಿ. ಅದಕ್ಕಿಂತ ಒಂದು ಪೈಸೆ ಜಾಸ್ತಿ ಬೇಡ.


ಎರಡನೇಮಾಲೀಕ:

ಆ ಅಂಕಿ ಸರಿಯಾಗುವವರೆಗೆ ಬಿಡಿಭಾಗದ ಬೆಲೆಯೂ ಬೇಡ. ಬರೆಯುವವರ ಕೈತಪ್ಪೂ ಇರಬಹುದು, ಬೇರೆ ಚಾಸಿಯೂ ಇರಬಹುದು. ತಿದ್ದಿಸುವ ಕೆಲಸ ಮಾರುವವರದು. ಮುಂಗಡ ಅಂತಲೂ ಕೊಡಬೇಡಿ.


ಅರ್ಧಗಾಡಿ:

ಎರೆಹುಳು ಸಾಕಿದ ಗಾಡಿ ನಾನು ಮೊದಲ ಸಲ ಕೇಳುತ್ತಿರುವುದು. ಬಿಟ್ಟುಬಿಡಿ. ನನ್ನ ಹತ್ತಿರ ಒಂದು ಪೂರ್ತಿ ಬಿಚ್ಚಿದ ಗಾಡಿ ಇದೆ, ಬೇಕಾದರೆ ಅದನ್ನೇ ತಗೊಳ್ಳಿ, ಬಿಚ್ಚುವ ಕೆಲಸ ಉಳಿಯುತ್ತೆ.


ಮಣ್ಣುದಾರಿ:

ಪಟ್ಟಿ ಬರೆದೆ. ಕೂಡಿಸಿದೆ. ಹಾಳೆ ಮಡಿಚಿ ಜೇಬಿಗೆ ಹಾಕಿಕೊಂಡೆ, ಮನೆಯಲ್ಲಿ ಇನ್ನೂ ತೋರಿಸಿಲ್ಲ.

ಹಿರಿಯರಿಗೆ ಎಲ್ಲಾ ಬಿಡಿಸಿ ಹೇಳಿದೆ. ಅವರು ಬೆಲೆಗೆ ಜಗ್ಗಾಡಲಿಲ್ಲ, ಗುಜರಿಗೆ ಹಾಕಿ ಕತ್ತರಿಸುವುದಿಲ್ಲ ಅಂತ ಮಾತು ಕೊಡು ಅಂದರು ಅಷ್ಟೇ. ಹಳೇ ಪೆಟ್ಟಿಗೆಯಲ್ಲಿ ಅಣ್ಣ ಇಟ್ಟಿದ್ದ ಗಾಡಿಯ ಮೊದಲ ನೋಂದಣಿ ಪುಸ್ತಕ ಸಿಕ್ಕಿತು, ಅದರಲ್ಲಿ 3 ಅಂತಲೇ ಇದೆ. ಆಮೇಲೆ ಹೆಸರು ಬದಲಿಸುವಾಗ ಯಾರೋ 8 ಅಂತ ಬರೆದಿದ್ದಾರೆ. ತಿದ್ದಿಸಿಕೊಡುತ್ತೇನೆ, ಅಲ್ಲಿಯವರೆಗೆ ದುಡ್ಡು ಮುಟ್ಟುವುದಿಲ್ಲ ಅಂದರು. ನಾನೂ ಏನೂ ಕೊಟ್ಟಿಲ್ಲ. ಕೊಳ್ಳುತ್ತೇನೆ ಅಂತಲೂ ಹೇಳಿಲ್ಲ.

ಸುಮ್ನೆ ಇರಲಿ ಅಂತ ನಾಲ್ಕೂ ಸಿಲಿಂಡರಿಗೆ ಎಣ್ಣೆ ಹಾಕಿ ಬಂದಿದ್ದೇನೆ. ಹೂತಿದ್ದ ಚಕ್ರದ ಸುತ್ತ ಮಣ್ಣು ತೆಗೆದು, ಬಳ್ಳಿ ಕತ್ತರಿಸಿ, ಮೇಲೆ ಒಂದು ಟಾರ್ಪಾಲ್ ಹೊದಿಸಿದೆ. ಹ್ಯಾಂಡಲ್ ಸೀಟಿನ ಹಿಂದೆ ಇತ್ತು, ತುಕ್ಕು ಉಜ್ಜಲು ಮನೆಗೆ ತಂದಿದ್ದೇನೆ. ಮುಂದಿನ ಭಾನುವಾರ ಹೋಗಿ ಅಲ್ಲಾಡಿಸಿ ನೋಡಬೇಕು.


ಗ್ರೀಸ್‌ಕೈ:

ಹ್ಯಾಂಡಲ್ ತುದಿಯ ಪಿನ್ ಸವೆದಿದೆಯಾ ನೋಡಿ, ಜಾರಿದರೆ ಮೊಣಕೈಗೆ ಪೆಟ್ಟು. ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಯೇ ಇಟ್ಟುಕೊಂಡು ಹಿಡಿಯಿರಿ, ಸುತ್ತಿ ಹಿಡಿಯಬೇಡಿ.


ಅರ್ಧಗಾಡಿ:

ಎಣ್ಣೆ ಹಾಕಿದ್ದಾಯಿತು, ಟಾರ್ಪಾಲ್ ಹೊದಿಸಿದ್ದಾಯಿತು, ಹ್ಯಾಂಡಲ್ ಮನೆಗೆ ಬಂತು. ಕೊಂಡಿಲ್ಲವಂತೆ! ಬೋಲ್ಟ್ ಹಾಕಲು ಸಣ್ಣ ಸಣ್ಣ ಡಬ್ಬ ತಗೊಳ್ಳಿ ಮಾರಾಯ್ರೇ, ಒಂದೊಂದಕ್ಕೂ ಹೆಸರು ಬರೆಯಿರಿ.